ನಾಲ್ಕು ಪ್ರಿಂಟರ್, ಮೂರು ಕಂಪ್ಯೂಟರ್, ಒಂದು ಬಾಂಡ್ ಪೇಪರ್

ಪ್ರಶ್ನೆ: ಗದಗಿನ ಮುಳಗುಂದ ನಾಕಾದ ಬಳಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇವೆ. ಮುಂದಿನ ಕೌಂಟರಿನಲ್ಲಿ ಎರಡು ಕಂಪ್ಯೂಟರ್, ಒಂದರಲ್ಲಿ ವಿಂಡೋಸ್ 10, ಇನ್ನೊಂದರಲ್ಲಿ ವಿಂಡೋಸ್ 11. ಒಳಕೋಣೆಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಹಳೆಯ ವಿಂಡೋಸ್ 7 ಕಂಪ್ಯೂಟರ್. ಪ್ರಿಂಟರ್ ನಾಲ್ಕು: ಎಚ್‌ಪಿ ಲೇಸರ್‌ಜೆಟ್ 1020, ಬಣ್ಣಕ್ಕೆ ಎಪ್ಸನ್ ಎಲ್3150, ರಸೀದಿಗೆ ಒಂದು ಡಾಟ್ ಮ್ಯಾಟ್ರಿಕ್ಸ್, ಜೊತೆಗೆ ಸೆಕೆಂಡ್‌ಹ್ಯಾಂಡ್ ಕೊಂಡ ದೊಡ್ಡ ಝೆರಾಕ್ಸ್ ಯಂತ್ರ. ಅದರ ಹಿಂಬದಿಯಲ್ಲಿ ಲ್ಯಾನ್ ಪೋರ್ಟ್ ಇದೆ, ಇನ್ನೂ ಬಳಸಿಲ್ಲ. ಎಲ್ಲ ಕಂಪ್ಯೂಟರ್‌ಗಳಿಂದ ಎಲ್ಲ ಪ್ರಿಂಟರ್‌ಗಳಿಗೂ ಪ್ರಿಂಟ್ ಹೋಗಬೇಕೆಂಬುದು ನನ್ನ ಆಸೆ. ಸದ್ಯ 1020 ಅನ್ನು ವಿಂಡೋಸ್ 10 ಕಂಪ್ಯೂಟರಿಗೆ ಜೋಡಿಸಿ ಶೇರ್ ಮಾಡಿದ್ದೇನೆ. ವಿಂಡೋಸ್ 11ರಿಂದ ಒಮ್ಮೆ ಪ್ರಿಂಟ್ ಹೋಗುತ್ತದೆ, ಒಮ್ಮೆ ‘ಆಫ್‌ಲೈನ್’ ಎನ್ನುತ್ತದೆ. ವಿಂಡೋಸ್ 7ರಲ್ಲಿ 0ಎಕ್ಸ್0000011ಬಿ ಎಂಬ ದೋಷ ಬಂದು ಜೋಡಣೆಯೇ ಆಗುವುದಿಲ್ಲ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮುಂದಕ್ಕೆ ತಂದು ಪ್ರಿಂಟ್ ಕೊಡುತ್ತೇವೆ. ಯೂಟ್ಯೂಬ್‌ನಲ್ಲಿ ತೋರಿಸಿದಂತೆ ರಿಜಿಸ್ಟ್ರಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ) ತಿದ್ದಬಹುದೇ? ಕಳೆದ ವಾರ ಬಾಂಡ್ ಪೇಪರ್ ಮೇಲೆ ಬೇರೆ ಯಾರದೋ ಹಾಲ್ ಟಿಕೆಟ್ ಬಂದು ಗಿರಾಕಿಯೊಡನೆ ಜಗಳವೂ ಆಯಿತು.

ಉತ್ತರ: ನೀವು ಕಟ್ಟಕಡೆಗೆ ಬರೆದ ಬಾಂಡ್ ಪೇಪರ್ ಸಂಗತಿಯನ್ನು ನಾನು ಮೊದಲಿಗೆ ಎತ್ತಿಕೊಳ್ಳುತ್ತೇನೆ. ನಿಮ್ಮ ಉಳಿದ ಅರ್ಧ ತೊಂದರೆಗಳ ಕೀಲಿಯೂ ಅದರಲ್ಲಿಯೇ ಇದೆ.

ಹುಬ್ಬಳ್ಳಿಯಲ್ಲಿ ಇದೇ ಬಗೆಯ ಒಂದು ಟೈಪಿಂಗ್ ಅಂಗಡಿಗೆ ರಿಪೇರಿಗೆಂದು ಹೋಗಿ ಸ್ಟೂಲಿನ ಮೇಲೆ ಕುಳಿತಿದ್ದೆ. ಬಾಡಿಗೆ ಕರಾರು ಮಾಡಿಸಲು ಬಂದಿದ್ದ ಹಿರಿಯರೊಬ್ಬರು ಇ-ಸ್ಟಾಂಪ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದಿಂದ ಎರಡೇ ಬೆರಳಲ್ಲಿ ಹಿಡಿದು ತೆಗೆದು ಕೊಟ್ಟರು. ಅಂಗಡಿಯ ಹುಡುಗ ಟ್ರೇಯಲ್ಲಿದ್ದ ಬಿಳಿ ಕಾಗದವನ್ನು ಪಕ್ಕಕ್ಕಿಟ್ಟು, ಆ ಹಾಳೆಯ ಮೂಲೆ ಸರಿಪಡಿಸಿ ಒಳಗೆ ಕೂರಿಸಿ, ತನ್ನ ಕುರ್ಚಿಗೆ ಮರಳುವಷ್ಟರಲ್ಲಿ ಪ್ರಿಂಟರ್ ತಾನಾಗಿಯೇ ಗುರ್ ಎಂದಿತು. ಪಕ್ಕದ ಕಂಪ್ಯೂಟರಿನಿಂದ ಯಾರದೋ ರೈಲ್ವೆ ಟಿಕೆಟ್‌ಗೆ ಪ್ರಿಂಟ್ ಕೊಟ್ಟಿದ್ದರು. ಸ್ಟಾಂಪಿನ ಮುದ್ರೆಯ ಮೇಲೆಯೇ ಟಿಕೆಟ್ ಅಚ್ಚಾಗಿ ಹೊರಬಂತು. ಹಿರಿಯರು ಬೈಯಲಿಲ್ಲ, ಕನ್ನಡಕ ಏರಿಸಿ ಓದಿ, ‘ಗಾಡಿ ಎಷ್ಟು ಗಂಟೆಗೆ ಇದೆ?’ ಎಂದರು. ಎಲ್ಲರೂ ನಕ್ಕರು, ಅಂಗಡಿಯ ಮಾಲೀಕರೊಬ್ಬರನ್ನು ಬಿಟ್ಟು. ಹೊಸ ಇ-ಸ್ಟಾಂಪಿನ ಹಣ ಅವರ ಕಿಸೆಯಿಂದಲೇ ಹೋಯಿತು.

ಯಾರನ್ನು ಬೈಯುವುದು? ಕಾಗದ ಹಾಕುವ ಕೈ ಒಂದು ಕಡೆ, ಪ್ರಿಂಟ್ ಕೊಡುವ ಕೈಗಳು ಎರಡು ಮೂರು ಕಡೆ. ಟ್ರೇಯಲ್ಲಿರುವುದು ಯಾರ ಕಾಗದ ಎಂಬುದು ಪ್ರಿಂಟರಿಗೆ ತಿಳಿಯದು. ಸಾಲಿನಲ್ಲಿ ಮೊದಲು ಬಂದ ಕೆಲಸವನ್ನು ಅದು ಎದುರಿಗಿರುವ ಹಾಳೆಯ ಮೇಲೆ ಅಚ್ಚು ಹಾಕುತ್ತದೆ. ‘ಪ್ರಿಂಟ್ ಕೊಡುವ ಮೊದಲು ಕೂಗಿ ಹೇಳಿ’ ಎಂಬ ನಿಯಮವನ್ನು ಹಲವು ಅಂಗಡಿಗಳು ಮಾಡಿಕೊಂಡಿವೆ. ಬೆಳೆ ವಿಮೆಯ ಕೊನೆಯ ದಿನ ಬಾಗಿಲ ತನಕ ಗಿರಾಕಿಗಳು ನಿಂತಿರುವಾಗ ಯಾರೂ ಕೂಗುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ನಿಮ್ಮ ಆಸೆಗೆ ವಿರುದ್ಧವಾದುದು: ಬಾಂಡ್ ಪೇಪರ್ ಹಾಕುವ ಪ್ರಿಂಟರನ್ನು ಹಂಚಲೇಬೇಡಿ. ಟೈಪ್ ಮಾಡುವ ಕಂಪ್ಯೂಟರಿಗೆ ಮಾತ್ರ ಅದು ಇರಲಿ.

ಅಂದರೆ 1020 ಅನ್ನು ಮುಂದಿನ ಕೌಂಟರಿನಿಂದ ಬಿಚ್ಚಿ ಒಳಕೋಣೆಗೆ ಒಯ್ಯಿರಿ. ವಿಂಡೋಸ್ 7 ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್‌ನಿಂದ ನೇರವಾಗಿ ಜೋಡಿಸಿ, ಅದಕ್ಕೆ ಹೊಂದುವ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಹಾಕಿ, ಶೇರಿಂಗ್ ತೆಗೆದುಬಿಡಿ. ಈ ಒಂದೇ ಸ್ಥಳಾಂತರದಿಂದ ಏನೇನು ತೀರುತ್ತದೆ ನೋಡಿ. ಬಾಂಡ್ ಪೇಪರಿಗೆ ಪರರ ಕಾಟ ತಪ್ಪುತ್ತದೆ. ಪೆನ್‌ಡ್ರೈವ್ ಓಡಾಟ ನಿಲ್ಲುತ್ತದೆ. ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕರಾರು ಪತ್ರವು ಲ್ಯಾಟಿನ್ ಅಕ್ಷರಗಳ ಜಂಗುಳಿಯಾಗಿ ಕಾಣುತ್ತದೆ. ಫಾಂಟ್ ಇದ್ದರೂ ಪ್ರಿಂಟರ್ ಡ್ರೈವರ್ ಬೇರೆಯಾದ ಕಾರಣ ಸಾಲುಗಳು ಜಾರಿ, ಸಹಿಯ ಜಾಗ ಮುಂದಿನ ಪುಟಕ್ಕೆ ಹೋಗಿಬಿಡಬಹುದು. ಟೈಪ್ ಮಾಡಿದಲ್ಲೇ ಪ್ರಿಂಟ್ ಮಾಡಿದರೆ ಆ ರಗಳೆ ಇಲ್ಲ. ಇನ್ನು 0ಎಕ್ಸ್0000011ಬಿ ದೋಷ: ಯುಎಸ್‌ಬಿ ಮೂಲಕ ನೇರವಾಗಿ ಜೋಡಿಸಿದ ಪ್ರಿಂಟರಿಗೆ ಅದು ಬರುವ ದಾರಿಯೇ ಇಲ್ಲ.

ಆ ದೋಷ ಏಕೆ ಬರುತ್ತಿತ್ತು ಎಂಬುದನ್ನು ತಿಳಿದುಕೊಂಡರೆ ಯೂಟ್ಯೂಬ್ ಮದ್ದನ್ನು ಏಕೆ ಬೇಡ ಎನ್ನುತ್ತೇನೆಂಬುದೂ ತಿಳಿಯುತ್ತದೆ. 2021ರ ಜುಲೈ ಹೊತ್ತಿಗೆ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ, ಅಂದರೆ ಪ್ರಿಂಟ್ ಕೆಲಸಗಳನ್ನು ಸಾಲಾಗಿ ನಿಲ್ಲಿಸಿ ಕಳುಹಿಸುವ ಸೇವೆಯಲ್ಲಿ, ಗಂಭೀರ ಬಿರುಕುಗಳು ಬಯಲಾದವು. ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದದ್ದು ಅವುಗಳಲ್ಲೊಂದು. ಅದೇ ವರ್ಷ ಸೆಪ್ಟೆಂಬರ್ ತಿಂಗಳ ನವೀಕರಣದಿಂದ ಮುಂದೆ, ಪ್ರಿಂಟರ್ ಹಂಚುವ ಕಂಪ್ಯೂಟರ್ ತನ್ನ ಬಳಿ ಬರುವ ಸಂಪರ್ಕ ಗೂಢಲಿಪಿಯಲ್ಲೇ ಇರಬೇಕು ಎಂದು ಪಟ್ಟು ಹಿಡಿಯತೊಡಗಿತು. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ಮುಗಿದಿತ್ತು. ಈ ಹೊಸ ಪದ್ಧತಿಯನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಬಾಗಿಲಿಗೆ ಹೊಸ ಬೀಗ ಬಂದಿದೆ, ಒಳಕೋಣೆಯವನ ಬಳಿ ಹಳೆಯ ಕೀಲಿ ಇದೆ, ಅಷ್ಟೇ. ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಸೊನ್ನೆ ಮಾಡಿ ಎಂದು ವಿಡಿಯೊಗಳು ಹೇಳುವುದು ಆ ಬೀಗವನ್ನೇ ಕಿತ್ತು ಹಾಕುವ ಉಪಾಯ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಬೀಗ ಕೀಳುವುದು ವಿಂಡೋಸ್ 10 ಕಂಪ್ಯೂಟರಿನಲ್ಲಿ, ಜನರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ತೆರೆದುಕೊಳ್ಳುವ ಕಂಪ್ಯೂಟರಿನಲ್ಲಿ. ನಿಮ್ಮಂಥ ಅಂಗಡಿಗೆ ಅದು ಸಲ್ಲದು.

ಇದೇ ಜಾತಿಯ ಇನ್ನೊಂದು ಮನೆಮದ್ದು ‘ಎಸ್‌ಎಂಬಿ 1 ಆನ್ ಮಾಡಿ’ ಎಂಬುದು. ಎಸ್‌ಎಂಬಿ ಎಂದರೆ ವಿಂಡೋಸ್ ಕಂಪ್ಯೂಟರ್‌ಗಳು ಫೈಲ್, ಪ್ರಿಂಟರ್ ಹಂಚಿಕೊಳ್ಳಲು ಪರಸ್ಪರ ಮಾತಾಡುವ ಭಾಷೆ. ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರ್ ನಿಮ್ಮಲ್ಲಿಲ್ಲ. ವಿಂಡೋಸ್ 7ಕ್ಕೇ ಅದಕ್ಕಿಂತ ಹೊಸ ಎಸ್‌ಎಂಬಿ 2 ಗೊತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಲೋಕವೆಲ್ಲ ಹಬ್ಬಿದ್ದು ಆ ಹಳೆಯ ಎಸ್‌ಎಂಬಿ 1ರ ಕಿಂಡಿಯಿಂದಲೇ. ಅದು ಮುಚ್ಚಿಯೇ ಇರಲಿ.

ಈಗ ಉಳಿದ ಮೂರು ಪ್ರಿಂಟರ್‌ಗಳಿಗೆ ಬರೋಣ. ಕೆಲವು ಪ್ರಿಂಟರ್‌ಗಳು ತಮ್ಮ ಕಾಲ ಮೇಲೆ ತಾವು ನಿಲ್ಲುತ್ತವೆ: ಅವುಗಳಿಗೆ ಲ್ಯಾನ್ ಪೋರ್ಟ್ ಅಥವಾ ವೈಫೈ ಇರುತ್ತದೆ, ರೂಟರಿನಿಂದ ವಿಳಾಸ ಪಡೆಯುತ್ತವೆ. ಉಳಿದವು ಯಾವುದಾದರೂ ಕಂಪ್ಯೂಟರಿನ ಹೆಗಲಿಗೆ ಆತುಕೊಂಡು ನಿಲ್ಲುವಂಥವು: ಅವಕ್ಕೆ ಯುಎಸ್‌ಬಿ ಮಾತ್ರ. ನಿಮ್ಮ ಝೆರಾಕ್ಸ್ ಯಂತ್ರ ಮತ್ತು ಎಲ್3150 ಮೊದಲ ಬಗೆಯವು, ಡಾಟ್ ಮ್ಯಾಟ್ರಿಕ್ಸ್ ಎರಡನೆಯದು. ಸ್ವಂತ ಕಾಲಿರುವ ಪ್ರಿಂಟರನ್ನು ಒಂದು ಕಂಪ್ಯೂಟರಿಗೆ ಕಟ್ಟಿ, ಅಲ್ಲಿಂದ ಉಳಿದವರಿಗೆ ಹಂಚುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಎಲ್3150 ಅನ್ನು ಯುಎಸ್‌ಬಿಯಿಂದ ಜೋಡಿಸಿ ವೈಫೈ ದೀಪವನ್ನು ವರ್ಷಗಟ್ಟಲೆ ಆರಿಸಿಟ್ಟ ಅಂಗಡಿಗಳಿವೆ. ಹಾಗೆ ಮಾಡಿದರೆ ಆ ಒಂದು ಕಂಪ್ಯೂಟರ್ ನಿದ್ದೆಗೆ ಜಾರಿದಾಗಲೆಲ್ಲ ಉಳಿದವರಿಗೆ ಪ್ರಿಂಟರ್ ‘ಆಫ್‌ಲೈನ್’. ನಿಮ್ಮ ವಿಂಡೋಸ್ 11ರಲ್ಲಿ ಒಮ್ಮೆ ಹೋಗಿ ಒಮ್ಮೆ ಹೋಗದಿರುವುದಕ್ಕೆ ನೂರಕ್ಕೆ ಎಂಬತ್ತರಷ್ಟು ಇದೇ ಕಾರಣವಿರಬೇಕೆಂದು ನನ್ನ ಅಂದಾಜು.

ಮೊದಲು ತಂತಿ. ಇಂಟರ್‌ನೆಟ್ ಕೊಟ್ಟವರ ರೂಟರಿನಲ್ಲಿ ಸಾಮಾನ್ಯವಾಗಿ ಎರಡೋ ನಾಲ್ಕೋ ಲ್ಯಾನ್ ಪೋರ್ಟ್ ಇರುತ್ತವೆ. ನಿಮಗೆ ಮೂರು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಮುಂದೆ ಬರಬಹುದಾದ ಇನ್ನೊಂದು. ಎಂಟು ಪೋರ್ಟ್‌ಗಳ ಸಣ್ಣ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ತಂತಿಯನ್ನು ಹಲವು ಮಾಡುವ ಪೆಟ್ಟಿಗೆ) ಒಂದನ್ನು ತೆಗೆದುಕೊಳ್ಳಿ, ಅದು ದುಬಾರಿ ವಸ್ತುವಲ್ಲ. ರೂಟರಿನಿಂದ ಸ್ವಿಚ್‌ಗೆ ಒಂದು ಕೇಬಲ್, ಸ್ವಿಚ್‌ನಿಂದ ಒಬ್ಬೊಬ್ಬರಿಗೆ ಒಂದೊಂದು. ಲ್ಯಾನ್ ಕೇಬಲ್ 100 ಮೀಟರ್ ತನಕ ನಿಶ್ಚಿಂತೆಯಿಂದ ಓಡುತ್ತದೆ, ಯುಎಸ್‌ಬಿ 2 ಕೇಬಲ್‌ಗೆ 5 ಮೀಟರ್ ಮಿತಿ. ಒಳಕೋಣೆಯಿಂದ ಮುಂದಕ್ಕೆ ಉದ್ದದ ಯುಎಸ್‌ಬಿ ಕೇಬಲ್ ಎಳೆದು ‘ಅರ್ಧ ಪುಟ ಬಂದು ನಿಲ್ಲುತ್ತದೆ’ ಎಂದು ಗೋಳಾಡುವವರಿಗೆ ಕಾರಣ ಇಲ್ಲಿದೆ.

ಎರಡನೆಯದು ವಿಳಾಸ, ಮತ್ತು ನಾನು ನಿಮ್ಮಿಂದ ಹೆಚ್ಚಿನ ತಾಳ್ಮೆ ಕೇಳುವುದು ಇಲ್ಲಿಯೇ. ರೂಟರ್ ಪ್ರತಿಯೊಂದು ಯಂತ್ರಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ, ಆದರೆ ಅದು ಕಾಯಂ ಅಲ್ಲ, ಬಾಡಿಗೆ ಮನೆಯಿದ್ದಂತೆ. ಕರೆಂಟ್ ಹೋಗಿ ಬಂದಾಗ ಯಾರು ಮೊದಲು ಎದ್ದರೋ ಅವರಿಗೆ ಹಿಂದಿನವರ ಮನೆ ಸಿಕ್ಕರೂ ಸಿಕ್ಕೀತು. ನಿನ್ನೆ 192.168.1.5ರಲ್ಲಿದ್ದ ಎಪ್ಸನ್ ಇಂದು 192.168.1.8ಕ್ಕೆ ಹೋಗಿರುತ್ತದೆ, ಕಂಪ್ಯೂಟರ್ ಹಳೆಯ ಮನೆಯ ಬಾಗಿಲು ಬಡಿಯುತ್ತಾ ಕೂರುತ್ತದೆ, ಅಲ್ಲೀಗ ಯಾರದೋ ಮೊಬೈಲ್ ಇರುತ್ತದೆ. ಇದನ್ನು ತಪ್ಪಿಸಲು ರೂಟರಿನ ಪುಟಕ್ಕೆ ಹೋಗಿ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಡಿಎಚ್‌ಸಿಪಿ ಬೈಂಡಿಂಗ್’ ಎಂದಿರುವಲ್ಲಿ ಪ್ರತಿ ಪ್ರಿಂಟರಿನ ಮ್ಯಾಕ್ ಸಂಖ್ಯೆಗೆ ಒಂದು ವಿಳಾಸ ಕಾಯ್ದಿರಿಸಿ. ಮ್ಯಾಕ್ ಸಂಖ್ಯೆ ಎಂದರೆ ಆ ಯಂತ್ರದ ನೆಟ್‌ವರ್ಕ್ ಗುರುತು, ಅದು ಪ್ರಿಂಟರಿನ ನೆಟ್‌ವರ್ಕ್ ಸ್ಥಿತಿ ಪುಟದಲ್ಲಿ ಅಚ್ಚಾಗುತ್ತದೆ. ರೂಟರಿನಲ್ಲಿ ಈ ಸೌಲಭ್ಯ ಸಿಗದಿದ್ದರೆ ಪ್ರಿಂಟರಿನ ಮೆನುವಿನಲ್ಲೇ ವಿಳಾಸವನ್ನು ಕೈಯಾರೆ ಬರೆಯಿರಿ, ಆದರೆ ರೂಟರ್ ಹಂಚುವ ಸಂಖ್ಯೆಗಳ ವ್ಯಾಪ್ತಿಯ ಹೊರಗಿನದನ್ನು ಆರಿಸಿ. ಉದಾಹರಣೆಗೆ ರೂಟರ್ 2ರಿಂದ 150ರ ತನಕ ಹಂಚುವುದಾದರೆ ಝೆರಾಕ್ಸ್ ಯಂತ್ರಕ್ಕೆ 192.168.1.201, ಎಪ್ಸನ್‌ಗೆ 192.168.1.202. ಈ ಸಂಖ್ಯೆಗಳನ್ನು ಸ್ಟಿಕ್ಕರ್ ಮೇಲೆ ಬರೆದು ಆಯಾ ಯಂತ್ರದ ಮೈಗೆ ಅಂಟಿಸಿ. ಮುಂದೆ ಇಂಟರ್‌ನೆಟ್ ಕಂಪನಿ ಬದಲಿಸಿದಾಗ ಹೊಸ ರೂಟರ್ 192.168.0 ಅಥವಾ ಬೇರೊಂದು ಸಾಲಿನಲ್ಲಿ ವಿಳಾಸ ಹಂಚಬಹುದು. ಆಗ ಎಲ್ಲ ಪ್ರಿಂಟರ್‌ಗಳೂ ಒಟ್ಟಿಗೇ ಕಾಣೆಯಾಗುತ್ತವೆ. ಪ್ರಿಂಟರ್ ಕೆಟ್ಟಿತೆಂದು ನನಗೆ ಫೋನ್ ಮಾಡುವ ಮೊದಲು ಹೊಸ ರೂಟರನ್ನು ಹಳೆಯ ಸಾಲಿಗೆ ತಂದು ನೋಡಿ.

ಎಲ್3150ಕ್ಕೆ ಲ್ಯಾನ್ ಪೋರ್ಟ್ ಇಲ್ಲ, ವೈಫೈ ಮಾತ್ರ. ಅದು 2.4 ಗಿಗಾಹರ್ಟ್ಸ್ ಪಟ್ಟಿಯನ್ನಷ್ಟೇ ಹಿಡಿಯುತ್ತದೆ. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನಡೆಯುತ್ತಿದ್ದರೆ ಎಷ್ಟು ಗುಂಡಿ ಒತ್ತಿದರೂ ಜೋಡಣೆಯಾಗದು.

ವಿಳಾಸ ಗಟ್ಟಿಯಾದ ಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರ್ ಸೇರಿಸುವ ಕೆಲಸ. ವಿಂಡೋಸ್ ತಾನಾಗಿ ಹುಡುಕಿ ತೋರಿಸಿದ್ದನ್ನು ಒತ್ತಬೇಡಿ. ಹಾಗೆ ಸೇರಿಸಿದಾಗ ಅದು ಹಲವು ಬಾರಿ ‘ಡಬ್ಲ್ಯುಎಸ್‌ಡಿ’ ಎಂಬ ಪೋರ್ಟ್ ಮಾಡಿಕೊಳ್ಳುತ್ತದೆ, ಅದು ಪ್ರಿಂಟರನ್ನು ಪ್ರತಿ ಬಾರಿ ಕೂಗಿ ಕರೆದು ಪತ್ತೆ ಮಾಡುವ ಬಗೆ. ಕೂಗಿಗೆ ಓಗೊಡದಿದ್ದರೆ ಮತ್ತೆ ಅದೇ ‘ಆಫ್‌ಲೈನ್’. ವಿಂಡೋಸ್ 11ರ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ಪುಟದಲ್ಲಿ (ಹಳೆಯ ವಿಂಡೋಸ್‌ಗಳಲ್ಲಿ ಹೆಸರುಗಳು ತುಸು ಬೇರೆ) ‘ಆ್ಯಡ್ ಡಿವೈಸ್’ ಒತ್ತಿ ಸುಮ್ಮನೆ ಕಾಯಿರಿ. ಕೆಲವು ಕ್ಷಣಗಳ ನಂತರ ಕೆಳಗಡೆ ‘ಆ್ಯಡ್ ಮ್ಯಾನ್ಯುಯಲಿ’ ಎಂದು ಬರುತ್ತದೆ. ಅಲ್ಲಿ ಐಪಿ ವಿಳಾಸದಿಂದ ಸೇರಿಸುವ ಸಾಲನ್ನು ಆರಿಸಿ, ‘ಟಿಸಿಪಿ/ಐಪಿ ಡಿವೈಸ್’ ಎಂದು ಹೇಳಿ, ಸ್ಟಿಕ್ಕರ್ ಮೇಲಿನ ಸಂಖ್ಯೆ ಹೊಡೆಯಿರಿ. ಡ್ರೈವರನ್ನು ಕಂಪನಿಯ ತಾಣದಿಂದ ಮೊದಲೇ ಇಳಿಸಿಕೊಂಡಿರಿ. ಎಪ್ಸನ್‌ಗಾದರೆ ಅದರದೇ ಇನ್‌ಸ್ಟಾಲರ್ ವೈಫೈ ಮೂಲಕ ಇಷ್ಟನ್ನೂ ಮಾಡಿಕೊಡುತ್ತದೆ, ಅದನ್ನೇ ಬಳಸಿ. ಪ್ರಿಂಟ್ ಸರಿಯಾಗಿ ಬರುತ್ತಿದ್ದೂ ಪರದೆಯ ಮೇಲೆ ಸುಮ್ಮಸುಮ್ಮನೆ ಆಫ್‌ಲೈನ್ ಎಂದು ತೋರಿದರೆ ‘ಪ್ರಿಂಟರ್ ಪ್ರಾಪರ್ಟೀಸ್’ನಲ್ಲಿ ‘ಪೋರ್ಟ್ಸ್’, ಅಲ್ಲಿ ‘ಕಾನ್ಫಿಗರ್ ಪೋರ್ಟ್’ ತೆರೆದು ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬ ಗುರುತನ್ನು ತೆಗೆಯಿರಿ.

ಒಳಕೋಣೆಯ ವಿಂಡೋಸ್ 7 ಕೂಡ ಇದೇ ರೀತಿಯಲ್ಲಿ ಝೆರಾಕ್ಸ್ ಯಂತ್ರಕ್ಕೆ ಪ್ರಿಂಟ್ ಕಳುಹಿಸಬಲ್ಲದು, ಅದಕ್ಕೆ ತಕ್ಕ ಡ್ರೈವರ್ ಇದ್ದರಾಯಿತು. ಇಲ್ಲಿ ಕಂಪ್ಯೂಟರಿಗೂ ಪ್ರಿಂಟರಿಗೂ ನೇರ ಮಾತು. ಮಧ್ಯದಲ್ಲಿ ಇನ್ನೊಂದು ವಿಂಡೋಸ್‌ನ ಅನುಮತಿ ಬೇಕಿಲ್ಲ, 11ಬಿ ದೋಷದ ಪ್ರಶ್ನೆಯೂ ಇಲ್ಲ. ಆ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಕೆಲಸವನ್ನು ಮಾತ್ರ ನಿಲ್ಲಿಸಿಬಿಡಿ. ಟೈಪಿಂಗಿಗೆ ಅದು ಇನ್ನೂ ಗಟ್ಟಿ ಎತ್ತೇ.

ಇನ್ನು ಡಾಟ್ ಮ್ಯಾಟ್ರಿಕ್ಸ್. ರಸೀದಿ ಹರಿಯುವುದು ಮುಂದಿನ ಎರಡು ಕೌಂಟರ್‌ಗಳಲ್ಲಿ ಮಾತ್ರವಾದ್ದರಿಂದ ಇದನ್ನು ಎರಡೇ ಕಂಪ್ಯೂಟರ್‌ಗಳ ನಡುವೆ ಹಂಚಿದರೆ ಸಾಕು. ಯಾವುದಕ್ಕೆ ಜೋಡಿಸಬೇಕು? ವಿಂಡೋಸ್ 11ಕ್ಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂದಲ್ಲ ನಾಳೆ ನೀವು ಆ ಕಂಪ್ಯೂಟರನ್ನು ಮೇಲ್ದರ್ಜೆಗೆ ಏರಿಸುತ್ತೀರಿ ಅಥವಾ ಬದಲಿಸುತ್ತೀರಿ. ಹೋಗುವವನ ಹೆಗಲಿಗೆ ಭಾರ ಹಾಕುವುದು ಬೇಡ.

ವಿಂಡೋಸ್ 11ರಲ್ಲಿ ಮೊದಲು ನೆಟ್‌ವರ್ಕ್ ‘ಪ್ರೈವೇಟ್’ ಎಂದಿದೆಯೇ ನೋಡಿ. ‘ಪಬ್ಲಿಕ್’ ಎಂದಿದ್ದರೆ ಫೈರ್‌ವಾಲ್ ಯಾರನ್ನೂ ಒಳಗೆ ಬಿಡದು. ಹೊಸ ರೂಟರ್ ಬಂದಾಗ ಇದು ತನ್ನಷ್ಟಕ್ಕೇ ಪಬ್ಲಿಕ್ ಆಗಿಬಿಡುವುದುಂಟು. ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಆನ್ ಮಾಡಿ. ‘ಪ್ರಿಂಟರ್ ಪ್ರಾಪರ್ಟೀಸ್’ನ ‘ಶೇರಿಂಗ್’ ಹಾಳೆಯಲ್ಲಿ ಪ್ರಿಂಟರಿಗೆ ಚಿಕ್ಕದಾದ, ನಡುವೆ ಖಾಲಿ ಜಾಗವಿಲ್ಲದ ಹೆಸರು ಕೊಡಿ, ‘ಡಿಎಂಪಿ’ ಎಂದು ಇಂಗ್ಲಿಷಿನ ಮೂರು ಅಕ್ಷರ ಸಾಕು. ಪಾಸ್‌ವರ್ಡ್ ಇಲ್ಲದೆ ಹಂಚುವ ಹಳೆಯ ರೂಢಿಯನ್ನು ಬಿಡಿ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳು ಗುರುತಿಲ್ಲದ ಅತಿಥಿಗಳನ್ನು ಸುಲಭವಾಗಿ ಒಪ್ಪುವುದಿಲ್ಲ. ಪ್ರಿಂಟಿಗೆಂದೇ ಒಂದು ಸಾದಾ ಬಳಕೆದಾರ ಖಾತೆ ತೆರೆದು ಪಾಸ್‌ವರ್ಡ್ ಕೊಡಿ, ವಿಂಡೋಸ್ 10ರ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ನಲ್ಲಿ ಆ ಹೆಸರು ಮತ್ತು ಪಾಸ್‌ವರ್ಡನ್ನು ಒಮ್ಮೆ ಬರೆದಿಡಿ. ಆಮೇಲೆ ಅದು ಮತ್ತೆ ಮತ್ತೆ ಕೇಳುವುದಿಲ್ಲ. ಪವರ್ ಸೆಟ್ಟಿಂಗಿನಲ್ಲಿ ‘ಸ್ಲೀಪ್’ ಅನ್ನು ‘ನೆವರ್’ ಮಾಡಿ. ಪರದೆ ಆರಲಿ, ಕಂಪ್ಯೂಟರ್ ಮಲಗುವುದು ಬೇಡ.

ಇಷ್ಟಾದರೂ ಸೇರಿಸುವಾಗ ಏನಾದರೊಂದು ದೋಷಸಂಖ್ಯೆ ಬಂದರೆ ಮೊದಲು ಎರಡೂ ಕಂಪ್ಯೂಟರ್‌ಗಳ ನವೀಕರಣ ಮುಗಿಸಿ. ಆಗಲೂ ಹಟ ಹಿಡಿದರೆ ಒಂದು ಅಡ್ಡದಾರಿ ಇದೆ, ಬೀಗ ಮುರಿಯದ ಅಡ್ಡದಾರಿ. ವಿಂಡೋಸ್ 10ರಲ್ಲಿ ಡಾಟ್ ಮ್ಯಾಟ್ರಿಕ್ಸ್‌ನ ಡ್ರೈವರನ್ನು ಮೊದಲೇ ಹಾಕಿ, ಅದನ್ನು ನೆಟ್‌ವರ್ಕ್ ಪ್ರಿಂಟರ್ ಎನ್ನದೆ ಸ್ಥಳೀಯ ಪ್ರಿಂಟರ್ ಎಂದೇ ಸೇರಿಸಿ. ಪೋರ್ಟ್ ಕೇಳಿದಾಗ ‘ಕ್ರಿಯೇಟ್ ಎ ನ್ಯೂ ಪೋರ್ಟ್’, ಅದರಲ್ಲಿ ‘ಲೋಕಲ್ ಪೋರ್ಟ್’ ಆರಿಸಿ, ಎರಡು ಹಿಂಗೆರೆ (‘\’ ಗುರುತು), ವಿಂಡೋಸ್ 11 ಕಂಪ್ಯೂಟರಿನ ಹೆಸರು, ಒಂದು ಹಿಂಗೆರೆ, ಹಂಚಿಕೆಯ ಹೆಸರು ಹೀಗೆ ಬರೆಯಿರಿ. ಡ್ರೈವರ್ ವಿಚಾರದಲ್ಲಿ ಎರಡು ವಿಂಡೋಸ್‌ಗಳ ನಡುವೆ ನಡೆಯುವ ಚೌಕಾಶಿಯೇ ತಪ್ಪಿ ಹೋಗುವುದರಿಂದ ಇದು ಬಹಳ ಸಲ ಕೈ ಹಿಡಿಯುತ್ತದೆ.

ಡಾಟ್ ಮ್ಯಾಟ್ರಿಕ್ಸ್‌ಗೆ ಕಾಗದದ ಅಳತೆಯ ಕಾಟ ಬೇರೆ. ನಿಮ್ಮ ರಸೀದಿ 10×6 ಇಂಚಿನ ಉದ್ದ ಸುರುಳಿಯ ಕಾಗದವಾಗಿದ್ದರೆ, ಎ4 ಎಂದೇ ಬಿಟ್ಟಾಗ ಪ್ರತಿ ರಸೀದಿಯ ನಂತರವೂ ಕಾಗದ ಸುಮ್ಮನೆ ಮುಂದಕ್ಕೆ ಓಡುತ್ತದೆ. ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ತೆರೆದು ಆ ಅಳತೆಯ ಹೊಸ ‘ಫಾರ್ಮ್’ ಸೃಷ್ಟಿಸಿ, ಪ್ರಿಂಟರಿನ ಆದ್ಯತೆಗಳಲ್ಲಿ ಅದನ್ನೇ ಆರಿಸಬೇಕು. ಮೇಲಿನ ಅಡ್ಡದಾರಿ ಹಿಡಿದಿದ್ದರೆ ಈ ಫಾರ್ಮನ್ನು ಎರಡೂ ಕಂಪ್ಯೂಟರ್‌ಗಳಲ್ಲಿ ಮಾಡಬೇಕು, ಇದನ್ನು ಮರೆಯುವವರೇ ಹೆಚ್ಚು. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ಪಟ್ಟಿಗಳು ಒಂದು ಕಂಪ್ಯೂಟರಿನಿಂದ ಸರಿಯಾಗಿಯೂ ಇನ್ನೊಂದರಿಂದ ಎರಡು ಬೆರಳು ಕೆಳಗೂ ಬರುತ್ತಿದ್ದವು. ಪ್ರಿಂಟರಿನ ಹೆಡ್ ಹೋಗಿದೆ ಎಂದು ಹೊಸ ಹೆಡ್ ಹಾಕಿಸಲು ಸಿದ್ಧರಾಗಿದ್ದರು. ಫಾರ್ಮ್ ಮಾಡಲು ಹಿಡಿದದ್ದು ಐದು ನಿಮಿಷ. ಮೆಣಸಿನಕಾಯಿಯ ಘಾಟಿಗೆ ಸೀನಿದ್ದು ಅದಕ್ಕಿಂತ ಹೆಚ್ಚು ಹೊತ್ತು.

ಜೋಡಣೆ ಮುಗಿದ ದಿನವೇ ಮೂರೂ ಕಂಪ್ಯೂಟರ್‌ಗಳಲ್ಲಿ ಡೀಫಾಲ್ಟ್ ಪ್ರಿಂಟರಿನ ವಿಚಾರ ಸರಿಪಡಿಸಿ. ವಿಂಡೋಸ್ 10 ಮತ್ತು 11ರಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಎಂಬ ಸಾಲಿದೆ. ಅದು ಆನ್ ಇದ್ದರೆ ನೀವು ಕೊನೆಯದಾಗಿ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದೇ ಮುಂದಿನ ಬಾರಿಗೆ ಡೀಫಾಲ್ಟ್. ಒಬ್ಬರಿಗೆ ಫೋಟೊ ತೆಗೆದುಕೊಟ್ಟ ಮೇಲೆ ಮುಂದಿನವರ ನಲವತ್ತು ಪುಟದ ನೋಟ್ಸ್ ಬಣ್ಣದ ಪ್ರಿಂಟರಿನಿಂದ ಬರುವುದು ಹೀಗೆ. ಅದನ್ನು ಆಫ್ ಮಾಡಿ, ಕೌಂಟರಿನ ಎರಡಕ್ಕೂ ಝೆರಾಕ್ಸ್ ಯಂತ್ರವನ್ನು, ಒಳಗಿನದಕ್ಕೆ 1020 ಅನ್ನು ಡೀಫಾಲ್ಟ್ ಮಾಡಿ. ಹೆಸರುಗಳನ್ನೂ ಬದಲಿಸಿ. ಪಟ್ಟಿಯಲ್ಲಿ ಮಾಡೆಲ್ ಸಂಖ್ಯೆಗಳು, ‘ಕಾಪಿ 1’, ‘ಕಾಪಿ 2’ ಎಂದೆಲ್ಲ ಇದ್ದರೆ ಹೊಸದಾಗಿ ಸೇರಿದ ಹುಡುಗ ತಪ್ಪು ಮಾಡದೆ ಇರಲಾರ. ‘1-ದೊಡ್ಡ ಮಷಿನ್’, ‘2-ಬಣ್ಣ’, ‘3-ರಸೀದಿ’ ಎಂದು ಕನ್ನಡದಲ್ಲೇ ಬರೆಯಬಹುದು, ವಿಂಡೋಸ್ ಒಪ್ಪುತ್ತದೆ. ಹಂಚಿಕೆಯ ಹೆಸರು ಮಾತ್ರ ಇಂಗ್ಲಿಷಿನಲ್ಲಿರಲಿ. ಅದೇ ಅಂಕಿಗಳನ್ನು ದಪ್ಪವಾಗಿ ಬರೆದು ಯಂತ್ರಗಳ ಮೇಲೂ ಅಂಟಿಸಿ.

ನನಗೆ ಬಹಳ ಪ್ರಿಯವಾದ ಒಂದು ಉಪಾಯವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಒಂದೇ ಪ್ರಿಂಟರನ್ನು ಎರಡು ಮೂರು ಬಾರಿ ಬೇರೆ ಬೇರೆ ಹೆಸರಿನಲ್ಲಿ ಸೇರಿಸಲು ಅಡ್ಡಿಯಿಲ್ಲ. ದೊಡ್ಡ ಯಂತ್ರವನ್ನು ಒಮ್ಮೆ ‘ಎ4 ಒಂದು ಮಗ್ಗುಲು’, ಇನ್ನೊಮ್ಮೆ ‘ಎ4 ಎರಡು ಮಗ್ಗುಲು’, ಮತ್ತೊಮ್ಮೆ ‘ಲೀಗಲ್’ ಎಂದು ಸೇರಿಸಿ, ಪ್ರತಿಯೊಂದರ ಆದ್ಯತೆಗಳಲ್ಲೂ ಕಾಗದ ಮತ್ತು ಟ್ರೇಯನ್ನು ಮೊದಲೇ ಗೊತ್ತು ಮಾಡಿ. ಗಿರಾಕಿ ಎದುರಿಗೆ ನಿಂತಿರುವಾಗ ಮೆನುವಿನೊಳಗೆ ಮೆನು ತೆರೆದು ಹುಡುಕುವ ಬದಲು ಹೆಸರು ಆರಿಸಿದರೆ ಮುಗಿಯಿತು. ಯಂತ್ರ ಒಂದೇ, ಬಾಗಿಲು ಮೂರು.

ಹಂಚಿಕೆಯಿಂದ ಸ್ಕ್ಯಾನ್ ಆಗುವುದಿಲ್ಲ, ಇದನ್ನು ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ. ವಿಂಡೋಸ್ ಹಂಚುವುದು ಪ್ರಿಂಟ್ ಕೆಲಸವನ್ನು ಮಾತ್ರ. ಎಲ್3150 ವೈಫೈ ಮೇಲಿದ್ದರೆ ಎಪ್ಸನ್‌ನ ಸ್ಕ್ಯಾನ್ ತಂತ್ರಾಂಶ ಹಾಕಿದ ಯಾವ ಕಂಪ್ಯೂಟರಿನಿಂದಲೂ ಸ್ಕ್ಯಾನ್ ಮಾಡಬಹುದು, ಅದನ್ನು ಯುಎಸ್‌ಬಿಯಿಂದ ಬಿಡಿಸಲು ಇದೂ ಒಂದು ಕಾರಣ.

ಯಾವುದೋ ಒಂದು ಕೆಲಸ ಸಾಲಿನಲ್ಲಿ ಸಿಕ್ಕಿಕೊಂಡು ಅಳಿಸಿದರೂ ಹೋಗದೆ ‘ಡಿಲೀಟಿಂಗ್’ ಎನ್ನುತ್ತಾ ಕೂತರೆ ಕಂಪ್ಯೂಟರ್ ಪೂರ್ತಿ ಮರುಚಾಲನೆ ಮಾಡಬೇಕಿಲ್ಲ. ‘ಸರ್ವಿಸಸ್’ ತೆರೆದು ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ, ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಸ್ಪೂಲ್ ಫೋಲ್ಡರ್‌ಗಳ ಒಳಗಿರುವ ‘ಪ್ರಿಂಟರ್ಸ್’ ಫೋಲ್ಡರಿನ ಫೈಲ್‌ಗಳನ್ನು ಮಾತ್ರ ಅಳಿಸಿ (ಫೋಲ್ಡರನ್ನಲ್ಲ), ಸ್ಪೂಲರನ್ನು ಮತ್ತೆ ಶುರು ಮಾಡಿ. ರಸೀದಿಯ ಪ್ರಿಂಟರ್ ಸಿಕ್ಕಿಕೊಂಡರೆ ಇದನ್ನು ವಿಂಡೋಸ್ 11ರಲ್ಲಿ ಮಾಡಬೇಕು, ಏಕೆಂದರೆ ಸಾಲು ನಿಲ್ಲುವುದು ಹಂಚಿದವನ ಮನೆಯಲ್ಲಿ. ‘ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್’ ಎಂಬ ಗುರುತು ಎಲ್ಲಿಯೂ ಇರಕೂಡದು; ಇದ್ದರೆ ಜನರ ಆಧಾರ್ ಪ್ರತಿಗಳು ನಿಮಗೆ ತಿಳಿಯದೆ ಕಂಪ್ಯೂಟರಿನಲ್ಲಿ ರಾಶಿ ಬೀಳುತ್ತವೆ. ಅಂಗಡಿಯ ವೈಫೈ ಪಾಸ್‌ವರ್ಡನ್ನು ಗಿರಾಕಿಗಳಿಗೆ ಕೊಡುವ ಉದಾರತೆಯೂ ಬೇಡ, ರೂಟರಿನಲ್ಲಿ ‘ಗೆಸ್ಟ್’ ವೈಫೈ ಇದ್ದರೆ ಅದನ್ನು ಕೊಡಿ. ಇಲ್ಲದಿದ್ದರೆ ಅವರ ಮೊಬೈಲಿಗೂ ನಿಮ್ಮ ಪ್ರಿಂಟರ್ ಕಾಣುತ್ತದೆ.

ಕರೆಂಟ್ ವಿಚಾರದಲ್ಲಿ ಒಂದೇ ಮಾತು: ಯುಪಿಎಸ್‌ಗೆ ಕಂಪ್ಯೂಟರ್, ರೂಟರ್, ಸ್ವಿಚ್ ಜೋಡಿಸಿ, ಲೇಸರ್ ಪ್ರಿಂಟರ್ ಮತ್ತು ಝೆರಾಕ್ಸ್ ಯಂತ್ರವನ್ನು ಜೋಡಿಸಬೇಡಿ. ಟೋನರನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ಕೀಂ ಎಂದು ಕೂಗಿ ಎಲ್ಲವನ್ನೂ ಆರಿಸುತ್ತದೆ.

ಈ ಯೋಜನೆಯೆಲ್ಲ ನಿಂತಿರುವುದು ಆ ಸೆಕೆಂಡ್‌ಹ್ಯಾಂಡ್ ಯಂತ್ರದ ಮೇಲೆ, ಅದಕ್ಕೇ ಕೇಬಲ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಹಿಂದೆ ಲ್ಯಾನ್ ಪೋರ್ಟ್ ಇದ್ದ ಮಾತ್ರಕ್ಕೆ ಹಳೆಯ ಝೆರಾಕ್ಸ್ ಯಂತ್ರಗಳೆಲ್ಲ ಪ್ರಿಂಟರ್ ಆಗುವುದಿಲ್ಲ. ಕೆಲವದರಲ್ಲಿ ಪ್ರಿಂಟ್ ಬೋರ್ಡ್ ಬೇರೆಯಾಗಿ ಹಾಕಿಸಬೇಕಿತ್ತು, ಮೊದಲ ಮಾಲೀಕರು ಹಾಕಿಸಿರುವುದಿಲ್ಲ. ಮೆನುವಿನಿಂದ ಕಾನ್ಫಿಗರೇಶನ್ ಪುಟವನ್ನು ಅಚ್ಚು ಹಾಕಿ. ಅದರಲ್ಲಿ ಪ್ರಿಂಟರ್ ಭಾಷೆ ಎಂದು ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಹೆಸರು ಇದ್ದರೆ ಚಿಂತೆಯಿಲ್ಲ. ಕಂಪನಿಯದೇ ಬೇರೆ ಭಾಷೆಯ ಹೆಸರಿದ್ದರೆ ನಿಮ್ಮ ಮೂರೂ ವಿಂಡೋಸ್‌ಗಳಿಗೆ ಅದರ ಡ್ರೈವರ್ ಸಿಗುತ್ತದೆಯೇ ಎಂದು ಮೊದಲು ನೋಡಿ. ಏನೂ ಇಲ್ಲವಾದರೆ ಬೋರ್ಡ್ ಹುಡುಕುತ್ತಾ ತಿಂಗಳು ಕಳೆಯಬೇಡಿ. ಯಂತ್ರ ಝೆರಾಕ್ಸ್ ಮಾಡಿಕೊಂಡಿರಲಿ, ಕೌಂಟರಿಗೆ ಲ್ಯಾನ್ ಪೋರ್ಟ್ ಇರುವ, ಎರಡೂ ಮಗ್ಗುಲು ತಾನೇ ಅಚ್ಚು ಹಾಕುವ ಕಪ್ಪು-ಬಿಳುಪು ಲೇಸರ್ ಒಂದನ್ನು ಕೊಂಡು 201ನೆಯ ವಿಳಾಸವನ್ನು ಅದಕ್ಕೆ ಕೊಡಿ. 1020 ಮಾತ್ರ ಯಾವ ಕಾರಣಕ್ಕೂ ಒಳಕೋಣೆ ಬಿಟ್ಟು ಬರಬಾರದು.